ಕಿಟಕಿಗೆ ಮುಖ ಮಾಡಿ ಓದಿದ ಸುದ್ದಿ

ಮನೆ, ಅಡುಗೆಮನೆಯ ಮೇಜಿನಿಂದ
ಹದಿನಾಲ್ಕನೇ ತಾರೀಖು, ಗುರುವಾರ, ನನಗೆ ರಜೆ

ಅಷ್ಟು ದೂರದ ರಸ್ತೆಯಲ್ಲಿ ಸ್ಟೀರಿಂಗ್ ಹಿಡಿದು ಕೂತಿರುವ ನನ್ನ ಅಮ್ಮಾ,

ಹೇಗಿದ್ದೀಯ? ಚಳಿ ಶುರುವಾದರೆ ಎಡಭುಜ ಸೆಳೆಯುತ್ತದೆ ಎಂದು ನೀನು ಹೋದ ಸಲ ಬರೆದಿದ್ದೆ. ಆ ಡಿಪೋದವರು ಕೊಟ್ಟಿರುವ ಬಸ್ಸಿನ ಗೇರು ಹಠಮಾರಿ ಕತ್ತೆಯ ಹಾಗೆ, ಒದ್ದರೆ ಮಾತ್ರ ಮುಂದೆ ಹೋಗುತ್ತದೆ ಎಂದೂ ಬರೆದಿದ್ದೆ. ಡಾಕ್ಟರು ಹೇಳಿಕೊಟ್ಟ ಭುಜದ ವ್ಯಾಯಾಮ ದಿನವೂ ಮಾಡುತ್ತಿದ್ದೀಯಾ, ಇಲ್ಲ ಬಸ್ಸು ತಿರುಗಿಸುವುದೇ ವ್ಯಾಯಾಮ ಎಂದು ಅವರಿಗೇ ಪಾಠ ಹೇಳಿ ಬಂದೆಯಾ? ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ಅಜ್ಜಿಗೆ ಮಂಡಿನೋವು ಇದ್ದದ್ದೇ, ಆದರೆ ಮಂಗಳವಾರದಿಂದ ಅದು ಎಲ್ಲಿ ಹೋಯಿತೋ ಗೊತ್ತಿಲ್ಲ. ಮೂರು ಮಹಡಿಯ ಮೆಟ್ಟಿಲನ್ನು ದಿನಕ್ಕೆ ನಾಲ್ಕು ಸಲ ಹತ್ತಿ ಇಳಿಯುತ್ತಿದ್ದಾಳೆ. ಯಾಕೆ ಎಂದು ಮುಂದೆ ಬರೆಯುತ್ತೇನೆ.

ತೀರ್ಪು ಬಂತು ಎನ್ನುವುದು ನಿನಗೆ ಅವತ್ತೇ ಗೊತ್ತಾಗಿದೆ. ಅಜ್ಜಿ ಕೂಗಿದ ರಭಸಕ್ಕೆ ಫೋನ್ ಇಲ್ಲದಿದ್ದರೂ ನಿನಗೆ ಕೇಳಿಸುತ್ತಿತ್ತು. ಆಮೇಲೆ ಫೋನು ನನ್ನ ಕೈಗೆ ಬಂದಾಗ ನಾನು ಎಂದಿನಂತೆ ಹ್ಞೂಂ, ಹ್ಞೂಂ ಎಂದೆ ಅಷ್ಟೇ. "ನಿನ್ ಹ್ಞೂಂ ಕೇಳೋಕೆ ನಾನು ಊಟದ ಹೊತ್ತು ಬಿಟ್ಟು ಬಂದ್ನಾ? ಆಫೀಸಲ್ಲಿ ಏನಾಯ್ತು ಅಂತ ಕೂತು ಬರಿ" ಎಂದು ಬೈದೆ. ಅದಕ್ಕೇ ಬರೆಯುತ್ತಿದ್ದೇನೆ. ಬಾಯಿಗೆ ಬೆರಳಿಟ್ಟರೂ ಕಚ್ಚದವನು ನಾನು ಎಂದು ನೀನೇ ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದ್ದೀಯ. ಮಂಗಳವಾರ ಕಚ್ಚಿದೆ ಅಮ್ಮಾ. ಅದನ್ನೇ ಹೇಳಬೇಕು.

ಮೊದಲು ಒಂದು ಮಾತು. ಮೂರು ವರ್ಷದ ಹಿಂದೆ ಬಸ್ಸಿನಲ್ಲಿ ನಡೆದದ್ದನ್ನು ನಿನ್ನ ಎದುರು ನಾನು ಒಂದು ದಿನವೂ ಬಾಯಿಬಿಟ್ಟು ಹೇಳಿದವನಲ್ಲ. ಇಲ್ಲಿ ಬರೆದು ನೋಡುತ್ತೇನೆ, ತಪ್ಪಿದ್ದರೆ ತಿದ್ದು. ಅವತ್ತು ಪಕ್ಷದವರ ಮೆರವಣಿಗೆ ಇತ್ತು. ನಮ್ಮ ನೆಲ ನಮ್ಮವರಿಗೆ, ಹೊರಗಿನವರು ಹೊರಗೆ ಎಂದು ಮೈಕಿನಲ್ಲಿ ಕೂಗುತ್ತಿದ್ದ ನಾಯಕ (ಅಜ್ಜಿ ಇಟ್ಟ ಹೆಸರು ಮೈಕಾಸುರ, ನಾನು ಇನ್ನು ಮುಂದೆ ಅದನ್ನೇ ಬರೆಯುತ್ತೇನೆ, ಕೈಗೆ ಸುಲಭ) ಬಸ್ಸುಗಳನ್ನು ನಿಲ್ಲಿಸಿ ಬೇರೆ ದೇಶದಿಂದ ಕೆಲಸಕ್ಕೆ ಬಂದವರನ್ನು ಇಳಿಸಿ ಎಂದು ಹೇಳುತ್ತಿದ್ದ. ನಿನ್ನ ಮುಂದಿದ್ದ ಎರಡು ಬಸ್ಸಿನವರು ಬಾಗಿಲು ತೆಗೆದರು. ನಿನ್ನ ಬಸ್ಸಿನಲ್ಲಿ ಹೊಲಿಗೆ ಕಾರ್ಖಾನೆಯ ಹನ್ನೊಂದು ಹೆಂಗಸರಿದ್ದರು. ನೀನು ಬಾಗಿಲು ತೆಗೆಯಲಿಲ್ಲ. ಅವನ ಮಾತು ಕೇಳಿಸದಷ್ಟು ಹೊತ್ತು ಹಾರ್ನ್ ಒತ್ತಿ ಹಿಡಿದೆ. ಅವನು ನಿನ್ನ ಪಕ್ಕದ ಕಿಟಕಿಯಿಂದ ಬಾವುಟದ ಕೋಲು ತೂರಿಸಿ ಹೊಡೆದ. ಮೂರು ಏಟು. ಎಡಗಡೆಯ ಕೊರಳೆಲುಬು ಮುರಿಯಿತು. ಮಾರನೆಯ ದಿನ ಎಲ್ಲ ಪತ್ರಿಕೆಯಲ್ಲೂ 'ಬಸ್ಸಿನಲ್ಲಿ ಗಲಾಟೆ' ಎಂದು ಬಂತು. ಗಲಾಟೆಯಲ್ಲಿದ್ದ ಚಾಲಕಿ ಎಂದು ಸಾರಿಗೆ ಕಚೇರಿಯವರು, ನಿಮ್ಮ ಸುರಕ್ಷತೆಗಾಗಿ ಎಂಬ ಸಿಹಿಮಾತು ಸೇರಿಸಿ, ನಿನ್ನನ್ನು ಅಷ್ಟು ದೂರಕ್ಕೆ ಹಾಕಿದರು. ಹೊಡೆದವನು ಊರಲ್ಲೇ ಉಳಿದ. ಹೊಡೆಸಿಕೊಂಡವಳು ಊರು ಬಿಟ್ಟಳು.

ಒಂದೂವರೆ ವರ್ಷದ ಹಿಂದೆ ಈ ಸಂಜೆ ಪತ್ರಿಕೆಯಲ್ಲಿ ಪೇಪರ್ ಮಡಿಸುವ ಕೆಲಸ ನನಗೆ ಸಿಕ್ಕಾಗ ನೀನು ಒಂದೇ ಮಾತು ಹೇಳಿದ್ದೆ: "ನಾನು ನಿನಗೇನಾಗಬೇಕು ಅಂತ ಅಲ್ಲಿ ಬಾಯಿ ಬಿಡಬೇಡ. ಪೇಪರ್‌ನವರ ಸಹವಾಸ ನನಗೆ ಸಾಕಾಗಿದೆ." ನಾನು ಬಿಡಲಿಲ್ಲ. ಬಾಯಿ ಬಿಡದಿರುವುದೊಂದೇ ನನಗೆ ಚೆನ್ನಾಗಿ ಬರುವ ವಿದ್ಯೆ.

ಆದರೆ ಆ ಆಫೀಸಿನಲ್ಲಿ ಒಂದು ವಿಚಿತ್ರ ಪದ್ಧತಿ ಇದೆ. ಅದನ್ನು ನಿನಗೆ ಅರ್ಧವಷ್ಟೇ ಹೇಳಿದ್ದೆ. ನಮ್ಮ ಸಂಪಾದಕಿ, ಎಲ್ಲರೂ ಮೇಡಂ ಎನ್ನುತ್ತಾರೆ, ಅರವತ್ತು ದಾಟಿದವರು. ಕೂದಲಿನ ಗಂಟಿನಲ್ಲಿ ಯಾವಾಗಲೂ ಒಂದು ಪೆನ್ಸಿಲ್, ಅದು ಎಲ್ಲಿದೆ ಎಂದು ಯಾವಾಗಲೂ ಹುಡುಕಾಟ. ದಿನವೂ ಹನ್ನೊಂದೂವರೆಗೆ, ಮೊದಲ ಪುಟ ಯಂತ್ರಕ್ಕೆ ಹೋಗುವ ಮುಂಚೆ, ಕೆಳಗಿನ ಯಂತ್ರದ ಕೋಣೆಯಿಂದ ನನ್ನನ್ನು ಮೇಲೆ ಕರೆಸುತ್ತಾರೆ. ಎಲ್ಲರಿಗಿಂತ ಕಡಿಮೆ ಓದಿದವನು ಮುಖ್ಯ ಸುದ್ದಿಯನ್ನು ಎಲ್ಲರೆದುರು ಗಟ್ಟಿಯಾಗಿ ಓದಬೇಕು. ಓದಿ, ಯಾರು ಯಾರಿಗೆ ಏನು ಮಾಡಿದರು ಎಂದು ತನ್ನ ಮಾತಿನಲ್ಲಿ ಹೇಳಬೇಕು. ಹೇಳಲಾಗದಿದ್ದರೆ ತಪ್ಪು ಓದಿದವನದಲ್ಲ, ಬರೆದವರದು. ಸುದ್ದಿ ವಾಪಸ್ಸು. ಇದಕ್ಕೆ 'ಐದನೇ ಕ್ಲಾಸಿನ ಓದು' ಎಂದು ಹೆಸರು. ನಾನು ಐದಕ್ಕೇ ಬಿಟ್ಟವನಲ್ಲವೇ, ಮೇಷ್ಟ್ರು ಓದು ಎಂದು ನಿಲ್ಲಿಸಿದರೆ ಗಂಟಲು ಕಟ್ಟುತ್ತಿತ್ತು ಎಂಬ ಒಂದೇ ಕಾರಣಕ್ಕೆ. ಶಾಲೆ ಬಿಡಿಸಿದ ಕೆಲಸವೇ ಈಗ ಅನ್ನ ಹಾಕುವ ಕೆಲಸ. ಮೊದಲ ವಾರ ಒಂದು ಅಕ್ಷರವೂ ಹೊರಡಲಿಲ್ಲ. ಮೇಡಂ ಬೈಯಲಿಲ್ಲ. ಕಿಟಕಿಗೆ ಮುಖ ಮಾಡಿ ನಿಂತು ಓದು, ನಾವು ನಿನ್ನ ಬೆನ್ನು ನೋಡ್ತೀವಿ ಎಂದರು. ಅಂದಿನಿಂದ ಹಾಗೇ ನಡೆದಿದೆ. ಕಿಟಕಿಯ ಆಚೆ ಎದುರು ಮನೆಯವರ ಬಟ್ಟೆ ಒಣಗುತ್ತಿರುತ್ತದೆ, ನಾನು ಒಂದು ನೀಲಿ ಟವೆಲ್ಲಿಗೆ ದೇಶದ ಸುದ್ದಿಯನ್ನೆಲ್ಲ ಓದಿ ಹೇಳುತ್ತೇನೆ.

ಓದುವವನಿಗೆ ಇರುವ ನಿಯಮ ಒಂದೇ. ಹಾಳೆಯಲ್ಲಿ ಏನಿದೆಯೋ ಅಷ್ಟೇ ಅವನಿಗೆ ಗೊತ್ತಿರಬೇಕು. ಹೊರಗಿನಿಂದ ಗೊತ್ತಿದ್ದನ್ನು ಸೇರಿಸಿ ಅರ್ಥ ಮಾಡಿಕೊಳ್ಳಬಾರದು. ಮಂಗಳವಾರ ನನಗೆ ಕಷ್ಟವಾದದ್ದು ಅದಕ್ಕೇ.

ಅವತ್ತು ಬೆಳಿಗ್ಗೆ ಹತ್ತಕ್ಕೆ ತೀರ್ಪು. ಆಫೀಸಿನ ಟೀವಿಯ ಕೆಳಗೆ ಎಲ್ಲರೂ ನಿಂತಿದ್ದರು, ನಾನು ದಾರದ ಉಂಡೆ ಹುಡುಕುವ ನೆಪದಲ್ಲಿ ಮೇಲೆ ಹೋಗಿ ನಿಂತೆ. ತಪ್ಪಿತಸ್ಥ, ಎರಡು ವರ್ಷ ಜೈಲು ಎಂದು ಒಂದು ಸಾಲು ಬಂತು. ಅಷ್ಟೇ ಅಮ್ಮಾ, ಒಂದು ಸಾಲು. ಆಮೇಲೆ ಮುಕ್ಕಾಲು ಗಂಟೆ ಮೈಕಾಸುರನದೇ ಮೆರವಣಿಗೆ. ಅವನು ಮೆಟ್ಟಿಲು ಇಳಿದ. ಕೈ ಬೀಸಿದ. ಕಂದು ಬಣ್ಣದ ಕೋಟು ಹಾಕಿದ್ದಾನೆ ಎಂದು ಒಬ್ಬಳು ಹೇಳಿದಳು. ನಿಮ್ಮ ಮನಸ್ಸಿಗೆ ನೋವಾಗಿದೆಯೇ ಎಂದು ಒಬ್ಬ ಕೇಳಿದ. ಚುನಾವಣೆಯಲ್ಲಿ ಇದರಿಂದ ಅವನಿಗೆ ಲಾಭವೋ ನಷ್ಟವೋ ಎಂದು ನಾಲ್ವರು ಕೂತು ಜಗಳವಾಡಿದರು. ಮೇಲ್ಮನವಿ ಹಾಕುತ್ತೇನೆ, ಇದು ಪಿತೂರಿ ಎಂದು ಅವನು ಹೇಳಿದ್ದನ್ನು ಏಳು ಸಲ ತೋರಿಸಿದರು. ಬೆರಳು ಮಡಚಿ ಎಣಿಸಿದ್ದೇನೆ. ಅಷ್ಟು ಹೊತ್ತಿನಲ್ಲಿ ಬಸ್ಸು ಓಡಿಸುತ್ತಿದ್ದವಳು ಒಬ್ಬಳಿದ್ದಳು ಎಂದು ಒಂದು ಸಲವೂ ಬರಲಿಲ್ಲ, ಬಂದದ್ದು ಹೆಸರಾದ 'ಬಸ್ ಪ್ರಕರಣ' ಎಂದಷ್ಟೇ. ಬಸ್ಸಿಗೇ ಏಟು ಬಿದ್ದಿತ್ತೋ ಏನೋ ಎನ್ನುವ ಹಾಗೆ.

ನಮ್ಮ ಮುಖ್ಯ ವರದಿಗಾರರು ಕೋರ್ಟಿನಿಂದ ಓಡಿ ಬಂದು ಬರೆಯಲು ಕೂತರು. ಅವರನ್ನು ನಾವು ಹಿಂದಿನಿಂದ ಅಲ್ಪವಿರಾಮ ಎನ್ನುತ್ತೇವೆ, ಯಾಕೆಂದರೆ ಅವರ ವಾಕ್ಯಕ್ಕೆ ಪೂರ್ಣವಿರಾಮ ಸಿಗಬೇಕಾದರೆ ಪುಟ ತಿರುಗಿಸಬೇಕು. ಕೆಟ್ಟವರಲ್ಲ, ನನಗೆ ದಿನವೂ ಎರಡು ಬಿಸ್ಕತ್ತು ಕೊಡುತ್ತಾರೆ. ಆದರೆ ಹಾವು ಸಾಯದಿದ್ದರೂ ಚಿಂತೆಯಿಲ್ಲ, ಕೋಲು ಮಾತ್ರ ಮುರಿಯಬಾರದು ಎನ್ನುವ ಜಾತಿ. ಹನ್ನೊಂದೂವರೆಗೆ ಹಾಳೆ ನನ್ನ ಕೈಗೆ ಬಂತು. ನಾನು ಕಿಟಕಿಗೆ ತಿರುಗಿದೆ. ಮುಂಬರುವ ಚುನಾವಣೆಯ ಹೊಸ್ತಿಲಲ್ಲಿ, ತಮ್ಮ ಕಟ್ಟಾ ನಿಲುವುಗಳಿಂದ ಸದಾ ಸುದ್ದಿಯಲ್ಲಿರುವ ನಾಯಕರಿಗೆ, ಮೂರು ವರ್ಷದ ಹಿಂದಿನ ಬಸ್ ಪ್ರಕರಣಕ್ಕೆ ಸಂಬಂಧಿಸಿದಂತೆ, ಕೋರ್ಟಿನಲ್ಲಿ ಭಾರಿ ಹಿನ್ನಡೆ ಉಂಟಾಗಿದ್ದು, ಎಂದು ಶುರುವಾಗಿ ಅದು ಹೋಯಿತು, ಹೋಯಿತು, ಎಲ್ಲೋ ಹೋಗಿ ನಿಂತಿತು.

ಮೇಡಂ ಕೇಳಿದರು, "ಏನಾಯ್ತು, ಹೇಳಪ್ಪ."

ಹಾಳೆಯಲ್ಲಿ ಇದ್ದದ್ದನ್ನೇ ಹೇಳಿದೆ. "ನಾಯಕರಿಗೆ ಏನೋ ತೊಂದರೆ ಬಂದಿದೆ. ಪಾಪ."

ಇಡೀ ಕೋಣೆ ನಕ್ಕಿತು. ನಾನು ತಮಾಷೆಗೆ ಹೇಳಿದ್ದಲ್ಲ. ತೊಂದರೆ ಕೊಟ್ಟದ್ದು ಯಾರು ಎಂದು ಕೇಳಿದರು, ಕೋರ್ಟು ಎಂದೆ. ಯಾಕೆ ಎಂದರು, ಒಂದು ಬಸ್ಸಿನಿಂದಾಗಿ ಎಂದೆ. ಮೇಡಂ ನಗಲಿಲ್ಲ. ಪೆನ್ಸಿಲ್ ಹುಡುಕಿ, ಕೂದಲಿನಿಂದ ಕಿತ್ತು, ಹಾಳೆಯ ಮೇಲಿಂದ ಕೆಳಕ್ಕೆ ಒಂದು ಗೀಟು ಎಳೆದು ಅಲ್ಪವಿರಾಮರಿಗೆ ವಾಪಸ್ಸು ಕೊಟ್ಟರು.

ಎರಡನೆಯ ಸಲ ಬಂದ ಹಾಳೆ ಪರವಾಗಿಲ್ಲ ಎನ್ನುವ ಹಾಗಿತ್ತು. ಕೋರ್ಟು ಅವನನ್ನು ತಪ್ಪಿತಸ್ಥ ಎಂದಿದೆ, ಎರಡು ವರ್ಷ ಜೈಲು ಎಂದು ಮೊದಲೇ ಇತ್ತು. ಆದರೆ ಕೆಳಗೆ, 'ಅಂದಿನ ಗೊಂದಲದಲ್ಲಿ ಚಾಲಕಿಯೊಬ್ಬರಿಗೆ ಗಾಯವಾಗಿತ್ತು ಎನ್ನಲಾಗಿದೆ' ಎಂದಿತ್ತು. ಆ ಸಾಲು ಓದುವಾಗ ನನ್ನ ಗಂಟಲು ಐದನೇ ಕ್ಲಾಸಿಗೆ ಹೋಯಿತು. ನೀಲಿ ಟವೆಲ್ಲನ್ನು ದಿಟ್ಟಿಸಿ ನೋಡಿದೆ. ಆಸ್ಪತ್ರೆಯಲ್ಲಿ ನೀನು ಬಲಗೈಯಲ್ಲಿ ಎಡಗೈಯನ್ನು ಮಗು ಎತ್ತಿಕೊಂಡ ಹಾಗೆ ಹಿಡಿದುಕೊಂಡು ಕೂತಿದ್ದದ್ದು ಕಣ್ಣಿಗೆ ಬಂತು. ಅದು ಹಾಳೆಯಲ್ಲಿ ಇರಲಿಲ್ಲ, ಹಾಗಾಗಿ ಅದನ್ನು ಬದಿಗಿಟ್ಟೆ. ಚಾಲಕಿಗೆ ಗಾಯ ಮಾಡಿದ್ದು ಯಾರು ಎಂದು ಮೇಡಂ ಕೇಳಿದರು. ಗೊಂದಲ ಎಂದೆ.

"ಗೊಂದಲಕ್ಕೆ ಕೈ ಇದೆಯೇನ್ರೀ?" ಎಂದು ಮೇಡಂ ಅಲ್ಪವಿರಾಮರ ಕಡೆ ತಿರುಗಿದರು.

ಪಾಪ, ಅವರು ಬೆವರು ಒರೆಸಿಕೊಂಡರು. ಹೋದ ಸಲ ಬರೆದದ್ದಕ್ಕೆ ಆ ಪಕ್ಷದವರು ಬಂದು ಗಾಜು ಒಡೆದಿದ್ದರಂತೆ, ಅವರ ಸ್ಕೂಟರಿನ ಸೀಟು ಹರಿದಿದ್ದರಂತೆ. ಎಲ್ಲರಿಗೂ ಗೊತ್ತಿರುವ ವಿಷಯವೇ ತಾನೇ, ಬಿಡಿಸಿ ಯಾಕೆ ಬರೆಯಬೇಕು, ಆರೋಪ ಎಂದು ಒಂದು ಮಾತು ಇದ್ದರೆ ನಮಗೂ ಒಂದು ಮರೆ ಎಂದರು. ಅಳಿಯ ಅಲ್ಲ, ಮಗಳ ಗಂಡ ಎಂದ ಹಾಗೆ ಅದು. ಮೇಡಂ ಮೆಲ್ಲಗೆ ಹೇಳಿದರು, ಆದರೆ ಎಲ್ಲರಿಗೂ ಕೇಳಿಸಿತು: "ಕೋರ್ಟು ಹೇಳೋ ತನಕ ಅದು ಆರೋಪ. ಹೇಳಿದ ಮೇಲೂ ಆರೋಪ ಅಂದ್ರೆ ಅದು ನಮ್ಮ ಭಯ. ನಮ್ಮ ಭಯಾನ ನಾವು ದುಡ್ಡಿಗೆ ಮಾರಬಾರದು."

ಅಷ್ಟಕ್ಕೇ ಬಿಡಲಿಲ್ಲ. ಹಳೆಯ ಕಡತ ತರಿಸಿದರು. ಮೂರು ವರ್ಷದ ಹಿಂದಿನ ನಮ್ಮದೇ ಪತ್ರಿಕೆ. 'ಬಸ್ಸಿನಲ್ಲಿ ಗಲಾಟೆ: ಚಾಲಕಿಗೆ ಗಾಯ, ನಾಯಕರ ಆಕ್ರೋಶ.' ಅವರು ಆ ಶೀರ್ಷಿಕೆಯ ಮೇಲೆ ಬೆರಳಿಟ್ಟರು. ಇದನ್ನು ನಾನೇ ಪಾಸು ಮಾಡಿದ್ದು, ಅವತ್ತು ಓದಲು ಯಾರೂ ಇರಲಿಲ್ಲ ಎಂದರು. ನಿಜ, ನಾನು ಸೇರುವ ಮುಂಚೆ ಅಲ್ಲಿ ಓದುತ್ತಿದ್ದ ಒಬ್ಬ ಮುದುಕರು ಕೆಲಸ ಬಿಟ್ಟಿದ್ದ ದಿನಗಳು ಅವು. ಅಮ್ಮಾ, ಅಷ್ಟು ದೊಡ್ಡವರು ಎಲ್ಲರೆದುರು ತಪ್ಪು ಒಪ್ಪಿಕೊಳ್ಳುವುದನ್ನು ನಾನು ನೋಡಿದ್ದು ಅದೇ ಮೊದಲು. ನಮ್ಮ ಮನೆಯಲ್ಲಂತೂ ಆ ಪದ್ಧತಿ ಇಲ್ಲ.

ಅಷ್ಟರಲ್ಲಿ ಹನ್ನೆರಡೂಕಾಲು. ಕೆಳಗಿನಿಂದ ಯಂತ್ರ ನಡೆಸುವವರು, ನಮ್ಮ ಮೆಷಿನ್ ಮಾಮ, ಮೆಟ್ಟಿಲಿನ ಅರ್ಧಕ್ಕೆ ಬಂದು ಇವತ್ತು ಸಂಜೆ ಪತ್ರಿಕೆಯೋ ನಾಳಿನ ಬೆಳಗಿನದೋ ಎಂದು ಕೇಳಿ ಹೋದರು. ಮೂರನೆಯ ಹಾಳೆ ಬಂತು. ಮೊದಲ ಸಾಲಿನಲ್ಲೇ ಇತ್ತು, ಬಾವುಟದ ಕೋಲಿನಿಂದ ಬಸ್ ಚಾಲಕಿಗೆ ಹೊಡೆದು ಮೂಳೆ ಮುರಿದ ಪಕ್ಷದ ನಾಯಕನಿಗೆ ಎರಡು ವರ್ಷ ಜೈಲು ಎಂದು. ಅದನ್ನು ಓದುವಾಗ ನನಗೆ ಹಾಡು ಹೇಳಿದ ಹಾಗಾಯಿತು. ಆದರೆ ಮುಂದಿನ ಸಾಲಿನಲ್ಲಿ, 'ಬಸ್ಸಿನಲ್ಲಿದ್ದ ಹೊರಗಿನವರನ್ನು ಇಳಿಸುವಂತೆ ನಾಯಕರು ಕೇಳಿದ್ದರು' ಎಂದಿತ್ತು. ನಾನು ನಿಂತೆ. ಮೇಡಂ ಏನೂ ಕೇಳಿರಲಿಲ್ಲ. ಕೇಳದೆ ನಾನು ಆ ಕೋಣೆಯಲ್ಲಿ ಒಂದು ಮಾತೂ ಆಡಿದವನಲ್ಲ. ಕಿಟಕಿಯಿಂದ ತಿರುಗಿದೆ. ಒಂದೂವರೆ ವರ್ಷದಲ್ಲಿ ಅವರೆಲ್ಲ ನಾನು ಓದುವಾಗ ನನ್ನ ಮುಖ ನೋಡಿದ್ದು ಅದೇ ಮೊದಲ ಸಲ.

"ಇದು ಅರ್ಥ ಆಗ್ಲಿಲ್ಲ" ಎಂದೆ. "ಟಿಕೆಟ್ ತಗೊಂಡು ಒಳಗೆ ಕೂತವರು ಹೊರಗಿನವರು ಹೇಗಾಗ್ತಾರೆ? ಟಿಕೆಟ್ ತಗೊಂಡವರೆಲ್ಲ ಆ ಬಸ್ಸಿನವರೇ."

ಯಾರೂ ನಗಲಿಲ್ಲ. ಅಲ್ಪವಿರಾಮರು ತಲೆ ಎತ್ತಿ ನನ್ನನ್ನೇ ನೋಡಿದರು. ನಿನ್ನ ಸಾಕ್ಷಿಯ ದಿನ ಅವರು ಕೋರ್ಟಿನಲ್ಲಿ ಕೂತಿದ್ದರು ಎನ್ನುವುದು ಆಗ ನನಗೆ ನೆನಪಾಯಿತು. ಆ ಮಾತು ನೀನು ಜಡ್ಜರಿಗೆ ಹೇಳಿದ್ದು. ನನಗೆ ತಿಳಿಯದೆಯೇ ನಿನ್ನ ಮಾತು ನನ್ನ ಬಾಯಿಂದ ಬಂದುಬಿಟ್ಟಿತ್ತು. ಅವರು ನನ್ನ ಮೂಗು ನೋಡಿದರು, ಗಲ್ಲ ನೋಡಿದರು. ನಾನು ನಿನ್ನ ಪಡಿಯಚ್ಚು ಎಂದು ಅಜ್ಜಿ ಹೇಳುವುದು ಸುಳ್ಳಲ್ಲ. ಆದರೆ ಅವರು ಹಾಳೆ ತೆಗೆದುಕೊಂಡು ಹೋಗಿ, ಹೊರಗಿನವರು ಎಂಬುದನ್ನು ಹೊಡೆದುಹಾಕಿ, ಹೊಲಿಗೆ ಕಾರ್ಖಾನೆಯ ಹನ್ನೊಂದು ಕೆಲಸಗಾರ್ತಿಯರು ಎಂದು ಬರೆದರು. ಅವರು ಬರೆದ ಅತಿ ಚಿಕ್ಕ ವಾಕ್ಯ ಅದೇ ಇರಬೇಕು.

ಹಾರ್ನ್ ವಿಷಯ ಹೇಳಲೇಬೇಕು. ಚಾಲಕಿ ಹಾರ್ನ್ ಒತ್ತಿ ನನ್ನನ್ನು ಕೆಣಕಿದಳು ಎಂದು ಮೈಕಾಸುರ ವಾದ ಮಾಡಿದ್ದನಲ್ಲ. ಈಗ ಹುರುಪು ಬಂದ ಅಲ್ಪವಿರಾಮರು ಅದನ್ನು ತೆಗೆದುಬಿಡೋಣ ಎಂದರು. ಮೇಡಂ ಒಪ್ಪಲಿಲ್ಲ. ಒತ್ತಿದ್ದಾಳೆ, ಒಪ್ಪಿದ್ದಾಳೆ, ಅವಳ ಮಾತಿನಲ್ಲೇ ಹಾಕಿ ಎಂದರು. ಹಾಗಾಗಿ ನೀನು ಕೋರ್ಟಿನಲ್ಲಿ ಹೇಳಿದ್ದು ಹಾಗೇ ಬಂದಿದೆ: "ಹೌದು ಸ್ವಾಮಿ, ಒತ್ತಿದೆ. ದಾರಿಗೆ ಅಡ್ಡ ನಿಂತವರಿಗೆ ಒತ್ತಲಿ ಅಂತಾನೇ ಕಂಪನಿಯವರು ಇಟ್ಟಿರೋದು." ಅದು ಓದುವಾಗ ಮೆಷಿನ್ ಮಾಮ ಮೆಟ್ಟಿಲ ಮೇಲೆ ನಿಂತಿದ್ದರು. ಅವರು ನಕ್ಕ ನಗುವಿಗೆ ಕಿಟಕಿಯ ಗಾಜು ಅದುರಿತು.

ಒಂದು ಗಂಟೆಗೆ ಯಂತ್ರ ಶುರುವಾಯಿತು. ಮುಖ್ಯ ಸುದ್ದಿಯ ಕೆಳಗೆ ಒಂದು ಚೌಕ. ಮೂರು ವರ್ಷದ ಹಿಂದೆ ನಾವು ಇದನ್ನು ಗಲಾಟೆ ಎಂದು ಬರೆದೆವು, ಅದು ಗಲಾಟೆಯಾಗಿರಲಿಲ್ಲ, ಒಬ್ಬ ಮನುಷ್ಯ ಕೆಲಸದಲ್ಲಿದ್ದ ಒಬ್ಬ ಹೆಂಗಸಿಗೆ ಹೊಡೆದದ್ದು, ನಮ್ಮ ತಪ್ಪಿಗೆ ಕ್ಷಮೆ ಕೇಳುತ್ತೇವೆ ಎಂದು. ಮೇಡಂ ಕೈಯಾರೆ ಬರೆದದ್ದು. ಅದನ್ನು ನನ್ನಿಂದ ಓದಿಸಲಿಲ್ಲ, ಇದು ನನಗೇ ಅರ್ಥವಾದರೆ ಸಾಕು ಎಂದರು. ನಾನು ಅವತ್ತು ಎರಡೂವರೆ ಸಾವಿರ ಮಡಿಸಿದೆ. ಕೈಗಿಂತ ಮೊದಲು ಕಣ್ಣು ಹೋಗುತ್ತಿತ್ತು. ಮೈಕಾಸುರನ ಫೋಟೊವನ್ನು ಪುಟದ ನಡುವೆ ಚಿಕ್ಕದಾಗಿ ಹಾಕಿದ್ದರು, ಮಡಿಕೆ ಸರಿಯಾಗಿ ಅವನ ಮೂಗಿನ ಮೇಲೆ ಬೀಳುತ್ತಿತ್ತು. ಸ್ವಲ್ಪ ಮೇಲಕ್ಕೆ ಸರಿಸಲಾ ಎಂದು ಮೆಷಿನ್ ಮಾಮ ಕೇಳಿದರು, ಕೇಳುವಾಗಲೇ ಯಂತ್ರದ ವೇಗ ಹೆಚ್ಚಿಸಿದರು.

ಮೂರು ಗಂಟೆಗೆ ಪಕ್ಷದವರು ಬಂದರು. ಐದು ಜನ, ಒಬ್ಬನ ಕೈಯಲ್ಲಿ ಫೋನು, ಎಲ್ಲ ಚಿತ್ರ ಹಿಡಿಯಲು. ಬಾಗಿಲಲ್ಲಿ ನಿಂತು ಸುಳ್ಳು ಪತ್ರಿಕೆ ಎಂದು ಕೂಗಿದರು. ನಾನು ಕಟ್ಟುಗಳ ಹಿಂದೆ ಕೂತೆ, ಶೂರತನ ಅಷ್ಟು ಬೇಗ ಪೂರ್ತಿ ಬರುವುದಿಲ್ಲ ನೋಡು. ಮೇಡಂ ಕೆಳಗೆ ಬಂದು ಐದು ಕುರ್ಚಿ ಹಾಕಿಸಿದರು. ಕೂತ್ಕೊಳ್ಳಿ, ಯಾವ ಸಾಲು ಸುಳ್ಳು ತೋರಿಸಿ, ಈಗಲೇ ತಿದ್ದೋಣ ಎಂದು ಪತ್ರಿಕೆಯನ್ನೂ ತಮ್ಮ ಪೆನ್ಸಿಲನ್ನೂ ಮುಂದಿಟ್ಟರು. ಫೋನು ಹಿಡಿದವನಿಗೆ, ನೀನು ಚಿತ್ರ ಹಿಡಿಯಪ್ಪ, ಚೆನ್ನಾಗಿ ಬರಲಿ ಎಂದರು. ಅವರಲ್ಲಿ ದಪ್ಪಗಿದ್ದವನು ಓದಲು ಶುರುಮಾಡಿದ. ಅವನೂ ನನ್ನ ಹಾಗೇ ಬೆರಳಿಟ್ಟು ಓದುವವನು. ಕಡೆಯವರೆಗೂ ಓದಿ, "ಇದು ಕೋರ್ಟೇ ಹೇಳಿದ್ದಾ? ನಮಗೆ ಬರೀ ತಳ್ಳಾಟ ಆಗಿತ್ತು ಅಂತ ಹೇಳಿದ್ರು" ಎಂದ. ಮೇಡಂ ತೀರ್ಪಿನ ಪ್ರತಿ ತೋರಿಸಿದರು. ಅವನು ಅದನ್ನೂ ಬೆರಳಿಟ್ಟು ಓದಿದ. ಉಳಿದ ನಾಲ್ವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೋಗುವಾಗ ಇನ್ನೂ ಏನೋ ಕೂಗಿದರು, ನಿಜ, ಆದರೆ ದಪ್ಪಗಿದ್ದವನು ಕೂಗಲಿಲ್ಲ. ಒಂದು ಪತ್ರಿಕೆಯನ್ನು ಮಡಿಸಿ ಅಂಗಿಯ ಒಳಗಿಟ್ಟುಕೊಂಡು ಹೋದ. ಗಾಜು ಉಳಿಯಿತು.

ಈಗ ಅಜ್ಜಿಯ ಮೆಟ್ಟಿಲಿನ ವಿಷಯ. ನಾನು ಹನ್ನೆರಡು ಪ್ರತಿ ತಂದಿದ್ದೆ, ಒಂದು ನಿನಗೆ, ಈ ಪತ್ರದ ಜೊತೆ ಇದೆ. ಉಳಿದದ್ದನ್ನು ಅವಳು ಮನೆಮನೆಗೆ ಕೊಟ್ಟು ಬಂದಳು. ಕೊಟ್ಟು ಬರುವುದಲ್ಲ, ಎದುರು ಕೂತು ಅವರಿಂದ ಗಟ್ಟಿಯಾಗಿ ಓದಿಸಿ, ಯಾರು ಯಾರಿಗೆ ಹೊಡೆದದ್ದು ಹೇಳಿ ಎಂದು ಪ್ರಶ್ನೆ ಕೇಳಿ ಬಂದಳು. ಈ ಪದ್ಧತಿಯನ್ನು ಅವಳ ಕಿವಿಗೆ ಹಾಕಿದ್ದು ನನ್ನದೇ ತಪ್ಪು. ಅಂದು ನಿನ್ನನ್ನು ಜಗಳಗಂಟಿ ಎಂದಿದ್ದ ಎರಡನೇ ಮಹಡಿಯ ದರ್ಜಿ ಮಾವನಿಂದ ಎರಡು ಸಲ ಓದಿಸಿದಳು. ಮೊದಲ ಸಲ ಉಚ್ಚಾರ ಸರಿಯಿರಲಿಲ್ಲವಂತೆ. ಅವರು ಇವತ್ತು ಬೆಳಿಗ್ಗೆ ಮೇಲೆ ಬಂದು, ನಿಮ್ಮ ಮಗಳು ಊರಿಗೆ ಬಂದಾಗ ಹೇಳಿ, ನಾನೇ ಬಂದು ಮಾತಾಡಿಸ್ತೀನಿ ಎಂದು ಹೇಳಿ ಹೋದರು.

ಎಲ್ಲ ಮುಗಿಯಿತು ಎಂದು ನಾನು ಬರೆಯುವುದಿಲ್ಲ. ಮೈಕಾಸುರನಿಗೆ ಜಾಮೀನು ಸಿಕ್ಕಿದೆ, ಮೇಲಿನ ಕೋರ್ಟಿಗೆ ಹೋಗುತ್ತಾನೆ, ಟೀವಿಯಲ್ಲಿ ದಿನವೂ ಬರುತ್ತಾನೆ. ನಿನ್ನೆ ಅವನ ಹೊಸ ಕೋಟಿನ ಬಣ್ಣ ಬೂದು. ಆದರೆ ಎರಡು ಬೆಳಗಿನ ಪತ್ರಿಕೆಗಳು ನಿನ್ನೆ ನಮ್ಮ ಹಾಗೆಯೇ 'ಹೊಡೆದ' ಎಂದು ಬರೆದಿವೆ, ಹಿನ್ನಡೆ ಎಂದಲ್ಲ. ಅಲ್ಪವಿರಾಮರು ಅದನ್ನು ಕತ್ತರಿಸಿ ತಮ್ಮ ಮೇಜಿಗೆ ಅಂಟಿಸಿಕೊಂಡಿದ್ದಾರೆ, ತಾವೇ ಕಂಡುಹಿಡಿದ ಪದ ಎನ್ನುವ ಹಾಗೆ. ನನಗೆ ನಾಲ್ಕು ಬಿಸ್ಕತ್ತು ಸಿಕ್ಕಿತು.

ಭುಜ ಜೋಪಾನ. ಊಟ ಹೊತ್ತಿಗೆ ಸರಿಯಾಗಿ ಮಾಡು, ಕಂಡಕ್ಟರ್ ಅಕ್ಕನಿಗೂ ಸ್ವಲ್ಪ ಬಿಡು. ಅಜ್ಜಿ ಹೇಳಿದ್ದು: ನಿನಗೆ ಅವಳ ಆಶೀರ್ವಾದ, ಆ ಗೇರಿಗೆ ಅವಳ ಶಾಪ, ಮತ್ತು ಇನ್ನಾದರೂ ವಾಪಸ್ಸು ಬರಲು ಅರ್ಜಿ ಹಾಕು, ಇಲ್ಲದಿದ್ದರೆ ಆ ಡಿಪೋದ ಸಾಹೇಬರನ್ನೂ ಕೂರಿಸಿ ಓದಿಸುತ್ತಾಳಂತೆ.

ಮಾತಿಗಿಂತ ಬರಹದಲ್ಲಿ ಜೋರಿರುವ,
ನಿನ್ನ ಮಗ

ಮೇಲೆ ಬರೆಯದೆ ಬಿಟ್ಟ ಒಂದು ಮಾತಿದೆ, ಮರೆತದ್ದಲ್ಲ, ಧೈರ್ಯ ಬಂದಿರಲಿಲ್ಲ. ಈಗ ಅಂಚೆ ಡಬ್ಬಿಯ ಪಕ್ಕ ನಿಂತು, ಗೋಡೆಗೆ ಒತ್ತಿಕೊಂಡು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಗೋಡೆಯ ತಪ್ಪು. ಅಮ್ಮಾ, ನಾನು ಹೇಳಿಬಿಟ್ಟೆ. ಮಂಗಳವಾರ ಆ ಐವರು ಹೋದ ಮೇಲೆ ಮೇಡಂ ಹತ್ತಿರ ಹೋಗಿ, ಆ ಚಾಲಕಿ ನಮ್ಮಮ್ಮ ಎಂದೆ. ಅಲ್ಪವಿರಾಮರು ಹೇಳಿರಲಿಲ್ಲ, ನಾನೇ ಹೇಳಿದ್ದು. ನೀನು ಬೇಡ ಎಂದಿದ್ದೆ, ಗೊತ್ತು. ಆದರೆ ಓದುವವನ ನಿಯಮ ಮುರಿದು, ಅದನ್ನು ಮುಚ್ಚಿಟ್ಟು, ನಾಳೆ ಮತ್ತೆ ಕಿಟಕಿಯ ಮುಂದೆ ನಿಲ್ಲಲು ನನ್ನಿಂದ ಆಗುತ್ತಿರಲಿಲ್ಲ. ಕೆಲಸ ಹೋಗುತ್ತದೆ ಎಂದುಕೊಂಡೆ. ಮೇಡಂ ತೀರ್ಪಿನ ಪ್ರತಿ ತೆಗೆದು, ನಮ್ಮ ಸುದ್ದಿಯನ್ನು ಸಾಲು ಸಾಲಾಗಿ ಹೋಲಿಸಿದರು. ಒಂದು ತಪ್ಪು ಸಿಕ್ಕಿತು. ನೀನು ಹಾರ್ನ್ ಒತ್ತಿದ್ದು ನಾಲ್ಕು ನಿಮಿಷ ಎಂದು ಬರೆದಿದ್ದರು, ಕೋರ್ಟಿನ ಪ್ರಕಾರ ಆರು. ನಿನ್ನೆ ತಿದ್ದುಪಡಿ ಬಂದಿದೆ. ಇನ್ನು ಆ ಮನುಷ್ಯನ ಸುದ್ದಿ ಬಂದ ದಿನ ನಾನು ಓದುವಂತಿಲ್ಲ, ಮೆಷಿನ್ ಮಾಮ ಓದುತ್ತಾರೆ. ಉಳಿದ ದಿನ ನಾನೇ.

ನಿಜವಾಗಿ ಕೇಳಬೇಕಾದ್ದು ಇದು. ಮೂರು ವರ್ಷದಿಂದ ಎಲ್ಲ ಕಡೆ ಅವನ ಹೆಸರು ದೊಡ್ಡ ಅಕ್ಷರದಲ್ಲಿದೆ, ನೀನು ಬರೀ ಚಾಲಕಿ. ತೀರ್ಪಿನಲ್ಲಿ ನಿನ್ನ ಹೆಸರಿತ್ತು, ಆದರೂ ಮೇಡಂ ಹಾಕಲಿಲ್ಲ. ಏಟು ತಿಂದವರ ಹೆಸರನ್ನು ಅವರನ್ನೇ ಕೇಳದೆ ಹಾಕುವುದಿಲ್ಲವಂತೆ. ಬರುವ ವಾರ ನಿನ್ನ ಬಗ್ಗೆ ಮತ್ತು ಆ ಹನ್ನೊಂದು ಜನರ ಬಗ್ಗೆ ಬರೆಯುತ್ತಾರೆ, ಆ ಹೆಂಗಸರು ಒಪ್ಪಿದ್ದಾರೆ. ನಿನ್ನ ಹೆಸರು ಹಾಕಬಹುದೇ ಎಂದು ಕೇಳಿ ಬರಿ ಎಂದಿದ್ದಾರೆ. ಬೇಡ ಎಂದರೆ ಬೇಡ, ನಾನು ಒಂದು ಮಾತೂ ಆಡುವುದಿಲ್ಲ. ಒಂದು ಕಾರ್ಡಿನಲ್ಲಿ ಆಗಲಿ ಎಂದೋ ಬೇಡ ಎಂದೋ ಬರೆದರೆ ಸಾಕು. ಆದರೆ ಅಮ್ಮಾ, ಆಗಲಿ ಎಂದರೆ ಅದನ್ನು ಓದುವುದು ಮೆಷಿನ್ ಮಾಮ. ಅವರ ಗಂಟಲು ನಿನಗೆ ಗೊತ್ತಿಲ್ಲ, ಯಂತ್ರ ಓಡುವಾಗಲೂ ಬೀದಿಯ ತುದಿಗೆ ಕೇಳುತ್ತದೆ. ನಿನ್ನ ಹೆಸರನ್ನು ಅಷ್ಟು ಗಟ್ಟಿಯಾಗಿ ಯಾರಾದರೂ ಓದುವುದನ್ನು ನಾನು ಒಂದು ಸಲ ಕೇಳಬೇಕು.